ಕೆಂಪು ದಾರ ಕಟ್ಟಿದ ಸೌಟು

ಬೀಗಿತ್ತಿಯವರಿಗೆ ನಮಸ್ಕಾರ.

ಹಾಗೆ ಕರೆಯುವ ಸಲುಗೆ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಕರೆದೇಬಿಟ್ಟೆ. ಬೇಡವೆನಿಸಿದರೆ ಕಾಗದವನ್ನು ಇಲ್ಲಿಗೇ ಮಡಚಿಡಿ, ಜೊತೆಗಿರುವ ಪೊಟ್ಟಣವನ್ನಾದರೂ ಬಿಚ್ಚಿ ನೋಡಿ.

ಕಳೆದ ಭಾನುವಾರ ನನ್ನ ಮಗಳು ಗುಬ್ಬಿ ಮೊದಲ ಸಲ ನಿಮ್ಮ ಮನೆಗೆ ಊಟಕ್ಕೆ ಬಂದಳು. ದಿನವೂ ಕಾರ್ಖಾನೆಯ ಕ್ಯಾಂಟೀನಿಗೆಲ್ಲ ಅಡುಗೆ ಮಾಡಿ ಹಾಕುವವರು ನೀವು. ರಜೆಯ ದಿನವೂ ಬರುವ ಸೊಸೆಗೆಂದು ಒಲೆಯ ಮುಂದೆ ನಿಂತಿರಿ. ಕಡಲೆಬೀಜ ಅರೆದು ಹಾಕಿದ ಬದನೆಕಾಯಿಯನ್ನು ಬಡಿಸಲು ಬಂದಾಗ ಅವಳು ತಟ್ಟೆಗೆ ಕೈ ಅಡ್ಡ ಹಿಡಿದು "ನಂಗೆ ಆಗಲ್ಲ ಅತ್ತೆ" ಅಂದಳು. "ಒಂದು ಚಮಚ ಹಾಕ್ಕೊಳಮ್ಮ, ಏನಾಗುತ್ತೆ?" ಅಂದಿರಿ. ಅವಳು ಕೈ ತೆಗೆಯಲಿಲ್ಲ. ಸರಿ ಎಂದು ನೀವು ಅದೇ ಸೌಟನ್ನು ಸೊಪ್ಪಿನ ಪಾತ್ರೆಯತ್ತ ಒಯ್ದಿರಿ. ಆಗ ಅವಳು "ಇನ್ನೊಂದು ಸೌಟು ಇದ್ಯಾ?" ಎಂದು ಕೇಳಿದಳು. ನೀವು ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಗುಬ್ಬಿ ಬಾಳೆಹಣ್ಣು ತಿಂದು ಎದ್ದಳು.

ಅಡುಗೆಯವರ ಸೌಟಿಗೆ ಕೊಂಕು ತೆಗೆದರೆ ಎಷ್ಟು ಉರಿಯುತ್ತದೆಂದು ನನಗೆ ಗೊತ್ತು. ನಾನು ದರ್ಜಿ. ಯಾರಾದರೂ ಬಂದು ನನ್ನ ಕತ್ತರಿ ಮೊಂಡು ಅಂದರೆ ಅವರ ಬಟ್ಟೆ ಅವರ ಕೈಗೇ ಹೋಗುತ್ತದೆ. ಆಮೇಲೆ ನೀವು ಮಗನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. "ನನ್ನ ಅಡುಗೆ ಆಗಲ್ಲ ಅಂದ್ರೆ ನನ್ನ ಮನೇನೂ ಆಗಲ್ಲ ಅಂತಾನೇ ಅಲ್ವೇನೋ? ಬಿಂಕದ ಹುಡುಗಿ. ಮದುವೆ ಮಾತು ಸದ್ಯಕ್ಕೆ ಅಲ್ಲೇ ಇರ್ಲಿ" ಅಂದಿರಂತೆ.

ಮೊದಲೇ ನಿಮಗೆ ಬಿಡಿಸಿ ಹೇಳಿ ಕಳಿಸದ್ದು ನನ್ನ ತಪ್ಪು. ಮಿಕ್ಕ ತಪ್ಪೆಲ್ಲ ಆ 'ಆಗಲ್ಲ' ಅನ್ನುವ ಮಾತಿನದು, ಬೀಗಿತ್ತಿ. ಓರಗಿತ್ತಿಯರಿಗೆ ಪರಸ್ಪರ ಆಗಲ್ಲ. ಬೆಳಗ್ಗೆ ಬೇಗ ಏಳೋಕೆ ಆಗಲ್ಲ. ಹೊಲಿದು ಕೊಡು ಎಂದವರಿಗೆ ಈ ವಾರ ಆಗಲ್ಲ ಅಂತ ನಾನೇ ಎಷ್ಟು ಸಲ ಹೇಳಿಲ್ಲ! ಸಿಟ್ಟಿಗೂ ಸೋಮಾರಿತನಕ್ಕೂ ನಮ್ಮಲ್ಲಿ ಅದೊಂದೇ ಮಾತು. ನನ್ನ ಮಗಳ ಬಾಯಿಂದ ಬಂದದ್ದು ಆ ಜಾತಿಯ ಆಗಲ್ಲ ಅಲ್ಲ. ಅದು ಉಸಿರು ಕಟ್ಟುವ ಆಗಲ್ಲ.

ಅವಳಿಗೆ ಆಗ ನಾಲ್ಕು ವರ್ಷ. ಪಕ್ಕದ ಮನೆಯವರು ಅಕ್ಕರೆಯಿಂದ ಕಡಲೆಬೀಜದ ಉಂಡೆ ಕೊಟ್ಟರು. ಅರ್ಧ ತಿಂದು ನನ್ನ ಹೊಲಿಗೆ ಯಂತ್ರದ ಹತ್ತಿರ ಬಂದವಳ ತುಟಿ ಊದಿತ್ತು. ಇರುವೆ ಕಚ್ಚಿರಬೇಕು ಅಂದುಕೊಂಡೆ. ನೋಡನೋಡುತ್ತಿದ್ದಂತೆ ಮೈತುಂಬ ದದ್ದು, ಕಣ್ಣು ಮುಚ್ಚಿಹೋಯಿತು, "ಅಮ್ಮ" ಅನ್ನುವ ದನಿ ಗೊರಗೊರ ಅಂದಿತು. ಹಾಲಿನವನ ಸ್ಕೂಟರಿನ ಹಿಂದೆ ಕೂತು ಆಸ್ಪತ್ರೆಗೆ ಓಡಿದೆ. ಹಾಲಿನ ಕ್ಯಾನುಗಳು ಡಣಡಣ ಬಡಿಯುತ್ತಿದ್ದವು. ಆ ಸದ್ದಿನಲ್ಲಿ ಮಗುವಿನ ಉಸಿರು ಕೇಳಿಸುತ್ತಿಲ್ಲವಲ್ಲ ಎಂದು ಅವಳ ಬಾಯಿಗೆ ಕಿವಿ ಒತ್ತಿ ಹಿಡಿದಿದ್ದೆ. ಡಾಕ್ಟರಮ್ಮ ತೊಡೆಗೆ ಚುಚ್ಚಿದ ಮೇಲೆ ಮಗು ಗಟ್ಟಿಯಾಗಿ ಅತ್ತಿತು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿಲ್ಲ.

ದೊಡ್ಡವಳಾಗುತ್ತ ಅವಳು ನನಗೇ ಯಾಕೆ ಹೀಗೆ ಎಂದು ಕೇಳತೊಡಗಿದಳು. ನನ್ನದು ಹಳ್ಳಿ ಬಾಯಿ, ಕಥೆ ಕಟ್ಟಿದೆ. ಒಂದು ಮನೆಗೆ ಒಬ್ಬ ಕಾವಲುಗಾರ. ನಿಯತ್ತಿನವನು, ಆದರೆ ಬುದ್ಧಿ ಸ್ವಲ್ಪ ಮಂದ. ಒಂದು ದಿನ ಬಾಗಿಲಿಗೆ ಬಡಪಾಯಿ ನೆಂಟನೊಬ್ಬ ಬಂದ. ಇವನು ಅವನನ್ನು ಕಳ್ಳನೆಂದುಕೊಂಡು "ಹಿಡೀರಿ, ಹೊಡೀರಿ" ಎಂದು ಕೂಗಿ ಕಿಟಕಿ ಬಾಗಿಲೆಲ್ಲ ಜಡಿದ, ಒಳಗಿದ್ದವರಿಗೇ ಗಾಳಿ ಇಲ್ಲದಂತಾಯಿತು. ಮಗಳು ಕೇಳಿದಳು, "ಅವನನ್ನ ಕೆಲಸದಿಂದ ತೆಗೆದುಹಾಕಬಾರದಾ?" ಬೇಡ ಪುಟ್ಟಿ, ಜ್ವರ ಬಂದಾಗ ನಿನ್ನ ಕಾಯುವವನೂ ಅವನೇ, ಆ ಕಡಲೆಬೀಜದ ನೆಂಟನನ್ನು ಬೀದಿಯಲ್ಲೇ ತಡೆದರೆ ಆಯಿತು ಅಂದೆ. ಈಗ ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹೊಸಬರು ಸೇರಿದಾಗಲೆಲ್ಲ ಇದೇ ಕಥೆ ಹೇಳಿ, ತನ್ನ ಬ್ಯಾಗಿನ ಯಾವ ಜೇಬಿನಲ್ಲಿ ಇಂಜೆಕ್ಷನ್ ಪೆನ್ನು ಇದೆಯೆಂದು ತೋರಿಸುತ್ತಾಳೆ. ಮೊದಲು ತೊಡೆಗೆ ಚುಚ್ಚುವುದು, ಆಮೇಲೆ ಆಸ್ಪತ್ರೆಗೆ ಕರೆದೊಯ್ಯುವುದು.

ನಮ್ಮ ಮನೆಯಲ್ಲಿ ಎಲ್ಲ ರೂಢಿಯಾಗಿದೆ. ಪೊಟ್ಟಣ ಕೊಂಡರೆ ಹಿಂಬದಿ ಓದದೆ ಒಡೆಯುವುದಿಲ್ಲ. ಹೊರಗಿನ ಎಣ್ಣೆಯಲ್ಲಿ ಕರಿದದ್ದು ಬೇಡ. ನಮ್ಮ ಯಜಮಾನರಿಗೆ ಸಂಜೆ ಕಡಲೆಬೀಜ ಇಲ್ಲದೆ ಮಾತೇ ಹೊರಡುತ್ತಿರಲಿಲ್ಲ. ಈಗ ಬೀದಿಯ ತುದಿಯಲ್ಲಿ ತಿಂದು, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತೊಳೆದು, ಕಳ್ಳ ಬೆಕ್ಕಿನ ಹಾಗೆ ಒಳಗೆ ಬರುತ್ತಾರೆ. ಬಂದವರೆಲ್ಲ ಬುದ್ಧಿ ಹೇಳಿದರು. "ದಿನಾ ಚೂರು ಚೂರು ತಿನ್ನಿಸಿ, ಒಗ್ಗುತ್ತೆ" ಅಂದರು. "ಬೀಜ ಆರಿಸಿ ತೆಗೆದಿದ್ದೀವಲ್ಲ, ಇನ್ನೇನು?" ಅಂದರು. ಬೀಜ ಆರಿಸಿದರೆ ಬೀಜ ಹೋಗುತ್ತದೆ, ಅದರ ರಸ ಹೋಗುವುದಿಲ್ಲ. ಯಾರು ಏನೇ ಅಂದರೂ ಗುಬ್ಬಿ ಒಮ್ಮೆಯೂ ಅಲುಗಲಿಲ್ಲ. ನಕ್ಕುಕೊಂಡೇ ಬೇಡ ಅನ್ನುತ್ತಿದ್ದಳು.

ಭಾನುವಾರ ಅಲುಗಿದಳು.

ನಿಮ್ಮ ಮನೆಯಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ಕೂತು ಕೇಳಿದಳು: "ಅಮ್ಮ, ಅವರ ಸಮಾಧಾನಕ್ಕೆ ಒಂದೇ ಒಂದು ಚಮಚ ತಿಂದುಬಿಡ್ಲಾ? ಪೆನ್ನು ಹೇಗೂ ಇದೆಯಲ್ಲ." ಸ್ಕೂಟರಿನ ಮೇಲೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ. ಆಗ ಅವಳಿಗೆ ತಿಳಿಯದೆ ಆದದ್ದು, ಈಗ ತಿಳಿದೂ ತಿನ್ನಲು ಹೊರಟಿದ್ದಳು. ನಿಮ್ಮಿಂದ ಒಳ್ಳೆಯವಳು ಅನ್ನಿಸಿಕೊಳ್ಳಬೇಕೆಂಬ ಆಸೆ ಅಷ್ಟಿದೆ ಅವಳಿಗೆ. ಬಿಂಕದ ಹುಡುಗಿ ಹೀಗೆ ಕೇಳುತ್ತಾಳೆಯೇ, ನೀವೇ ಹೇಳಿ.

ನಾನು ಖಡಾಖಂಡಿತವಾಗಿ ಹೇಳಿದೆ, ತಿನ್ನಕೂಡದು ಎಂದು. ನಿನ್ನ ಅತ್ತೆಗೆ ವಿಷಯ ಗೊತ್ತಾದರೆ ನಿನ್ನ ಬಾಯಿಯಿಂದ ಆ ಚಮಚವನ್ನು ಮೊದಲು ಕಿತ್ತುಕೊಳ್ಳುವವರು ಅವರೇ ಅಂದೆ. ಆ ಧೈರ್ಯದಲ್ಲೇ ಈ ಕಾಗದ.

ಇನ್ನೊಂದು ಮಾತು. ನನ್ನ ಕೈಯದಲ್ಲದ ಅಡುಗೆಯನ್ನು ಅವಳು ಆ ಉಂಡೆಯ ನಂತರ ಹೊಟ್ಟೆ ತುಂಬ ಉಂಡದ್ದೇ ಇಲ್ಲ. ಗೆಳತಿಯರ ಮದುವೆಗೂ ಡಬ್ಬಿ ಕಟ್ಟಿಕೊಂಡೇ ಹೋದವಳು. ಅಂಥವಳು ನಿಮ್ಮ ಸೊಪ್ಪನ್ನು ತಿನ್ನುವ ಮನಸ್ಸು ಮಾಡಿದ್ದಳು, ಬೀಗಿತ್ತಿ. ಕಡಲೆಬೀಜದ ರಸ ಅಂಟದ ಸೌಟು ಕೇಳಿದ್ದು ಅದಕ್ಕೇ. ತಿನ್ನುವ ಮನಸ್ಸಿಲ್ಲದವಳಾಗಿದ್ದರೆ ಹೊಟ್ಟೆ ತುಂಬಿದೆ ಅಂದು ಸುಮ್ಮನಾಗುತ್ತಿದ್ದಳು.

ಪೊಟ್ಟಣದಲ್ಲಿರುವುದು ಅವಳ ಸೌಟು, ಕಡಲೆಬೀಜ ಎಂದೂ ಸೋಕದ್ದು. ಗುರುತಿಗೆಂದು ಹಿಡಿಗೆ ಕಟ್ಟಿದ ಕೆಂಪು ದಾರ ನನ್ನ ಅಂಗಡಿಯದು, ಎಷ್ಟು ಸಲ ಮಾಸಿತೋ ಅಷ್ಟು ಸಲ ಹೊಸದು ಕಟ್ಟಿದ್ದೇನೆ. ಮಗಳನ್ನು ಒಪ್ಪಿಸುವ ಮೊದಲು ಅದನ್ನು ಒಪ್ಪಿಸುತ್ತಿದ್ದೇನೆ. ಬರುವ ಭಾನುವಾರ ನಾವು ಮೂವರೂ ಬರುತ್ತೇವೆ. ಆ ದಿನ ಅಡುಗೆಮನೆಯಿಂದ ಕಡಲೆಬೀಜವನ್ನು ಹೊರಗಿಡಿ, ಪಾತ್ರೆ ಮಿಕ್ಸಿಗಳನ್ನು ಸೋಪು ಹಾಕಿ ಉಜ್ಜಿ, ಕಡಲೆಕಾಯಿಯದಲ್ಲದ ಎಣ್ಣೆಯ ಹೊಸ ಪೊಟ್ಟಣ ಒಡೆಯಿರಿ. ಆ ಬದನೆಕಾಯಿಯನ್ನೇ ತೆಂಗಿನಕಾಯಿ ಅರೆದು ಮಾಡಿ, ಅದು ಅವಳಿಗೆ ಆಗುತ್ತದೆ. ಬ್ಯಾಗಿನಲ್ಲಿ ಪೆನ್ನು ಇದ್ದೇ ಇರುತ್ತದೆ, ಅಪನಂಬಿಕೆಯೆಂದು ತಿಳಿಯಬೇಡಿ. ಬಸ್ಸು ರಿಪೇರಿ ಮಾಡುವ ನಿಮ್ಮ ಮಗನನ್ನೇ ಕೇಳಿ, ಎಂಥ ಗಟ್ಟಿ ಬಸ್ಸಾದರೂ ಸ್ಟೆಪ್ನಿ ಇಲ್ಲದೆ ಹೊರಡಿಸುತ್ತಾನೆಯೇ?

ಗುಬ್ಬಿ ಹಸಿದುಕೊಂಡೇ ಬರುತ್ತಾಳೆ. ಕೆಂಪು ದಾರದ ಸೌಟಿನಲ್ಲಿ ಬಡಿಸಿ, ಪಕ್ಕದಲ್ಲೇ ನಿಂತಿರಿ. ಅವಳು ಮತ್ತೆ "ಇನ್ನೊಂದು ಸೌಟು, ಅತ್ತೆ" ಅನ್ನುತ್ತಾಳೆ. ಈ ಸಲ ಒಳಗೆ ಹೋಗಬೇಡಿ, ಹಾಕಿ.

ಬಡಿಸುವ ನಿಮ್ಮ ಕೈ ತಂಪಾಗಿರಲಿ, ನೂರು ವರ್ಷ ಬಡಿಸುತ್ತಿರಲಿ.

ನಿಮ್ಮ ಬಾಗಿಲಲ್ಲಿ ಚಪ್ಪಲಿ ಬಿಡಲು ಭಾನುವಾರವನ್ನೇ ಕಾಯುತ್ತಿರುವ,
ಗುಬ್ಬಿಯ ಅಮ್ಮ