ಹೇಳಬಾರದ ಹೆಸರು

ಮೊಖೊತ್ಲೊಂಗ್,
ಮೇ 14, ಬುಧವಾರ

ನಾಲೇಲಿಯ ಅಪ್ಪನವರಿಗೆ ಪ್ರೀತಿಯ ನಮಸ್ಕಾರ.

ಗಣಿಯ ಧೂಳಿಗೆ ಹಿಡಿದ ಕೆಮ್ಮು ಈಗ ಹೇಗಿದೆ? ಎದೆಗೆ ಶಾಖ ಕೊಟ್ಟುಕೊಳ್ಳುತ್ತೀರೋ, ಅಲ್ಲೂ ಸೋಮಾರಿತನವೋ? ನಾಲೇಲಿ ಚೆನ್ನಾಗಿದ್ದಾಳೆ. ಹೊಸ ಹಲ್ಲು ಬಂದ ಮೇಲೆ ನನ್ನ ಪಾಲಿನ ಮುದ್ದೆಯನ್ನೂ ಅವಳೇ ಮುಗಿಸುತ್ತಾಳೆ.

ನನಗೆ ಮಾತ್ರ ತಲೆಬುಡ ಒಂದೂ ತಿಳಿಯುತ್ತಿಲ್ಲ. ನೀರು ಮಾರಿದರೆ ಲೆಸೊಥೊದ ಬಡತನ ತೀರುತ್ತದೆ ಎಂದು ರೇಡಿಯೋದವರು ದಿನವೂ ಹೇಳುತ್ತಾರೆ. ಇರಬಹುದು. ಮಾರುವಷ್ಟು ನೀರಿದ್ದರೆ ನಾನೇಕೆ ಇನ್ನೂ ಬಕೆಟ್ ಹೊತ್ತು ಗುಡ್ಡ ಹತ್ತಿಳಿಯುತ್ತೇನೆ? ನೀವು ಜೋಹಾನ್ಸ್‌ಬರ್ಗಿನಲ್ಲಿ ನಲ್ಲಿ ತಿರುಗಿಸಿದರೆ ಬರುವುದು ನಮ್ಮ ಬೆಟ್ಟದ ನೀರಂತೆ. ಗಂಡನೂ ಅಲ್ಲಿಗೇ, ನೀರೂ ಅಲ್ಲಿಗೇ. ಇದು ಯಾವ ಊರಿನ ವ್ಯಾಪಾರ, ನೀವಾದರೂ ಬಿಡಿಸಿ ಬರೆಯಿರಿ.

ಇಲ್ಲಿ ಅಣೆಕಟ್ಟು ಕಟ್ಟುವವರು ನೀರಿನಲ್ಲಿ ಮುಳುಗಲಿರುವ ಸಮಾಧಿಗಳ ಪಟ್ಟಿ ಮಾಡುತ್ತಿದ್ದಾರೆ. ಹೆಸರು ಬರೆಸಿದವರನ್ನು ತೆಗೆದು ಮೇಲಿನ ಗುಡ್ಡದಲ್ಲಿ ಮತ್ತೆ ಮಣ್ಣು ಮಾಡುತ್ತಾರೆ. ಉಳಿದವರು ನೀರಿನಡಿಗೆ. ಮೊನ್ನೆ ನಾನೂ ಸಾಲಿನಲ್ಲಿ ನಿಂತೆ. "ನಮ್ಮ ಮಾವನವರದು" ಎಂದೆ. "ಹೆಸರು ಹೇಳಮ್ಮಾ" ಎಂದ ಗುಮಾಸ್ತ. ಸೊಸೆಯಾದವಳು ಹೇಗೆ ಹೇಳಲಿ? ಮದುವೆಯಾಗಿ ಒಂಬತ್ತು ವರ್ಷ, ಆ ಹೆಸರಿರಲಿ, ಅದನ್ನು ಹೋಲುವ ಮಾತೂ ನನ್ನ ಬಾಯಲ್ಲಿ ಬಂದಿಲ್ಲ. ಬರೆಯಲೂ ಕೈ ಏಳಲಿಲ್ಲ. ಪಕ್ಕದ ಮನೆಯ ಮಾಮೊಸಾ ಅತ್ತೆ ಹೇಳಹೋದರೆ, "ನೀವ್ಯಾಕಮ್ಮಾ? ಮನೆಯವ್ರೇ ಹೇಳ್ಬೇಕು" ಎಂದು ಬಾಯಿ ಮುಚ್ಚಿಸಿದ. ಕಾಗದದಲ್ಲಿ "ಗೊತ್ತಿಲ್ಲ" ಎಂದು ಬರೆದ. ಗೊತ್ತಿಲ್ಲವಂತೆ! ನನಗೆ ಅಳು ಬಂತು. ದಾರಿಯುದ್ದಕ್ಕೂ ಮಾಮೊಸಾ ಅತ್ತೆಯ ಬೈಗುಳ: "ನೀನು ಮರ್ಯಾದೆ ಹಿಡ್ಕೊಂಡು ಕೂತ್ಕೋ, ಅಲ್ಲಿ ನಿನ್ ಮಾವ ಮೀನಿನ ಜೊತೆ ಮಲಗ್ಲಿ!"

ನಿಮ್ಮ ಫೋನ್ ವಾರದಿಂದ ಸುಮ್ಮನಿದೆ. ಸೋಮವಾರ ಪಟ್ಟಿ ಮುಚ್ಚುತ್ತಾರೆ. ಅಷ್ಟರೊಳಗೆ ಬಂದು ನಿಮ್ಮ ಅಪ್ಪನ ಹೆಸರು ನೀವೇ ಬರೆಸಿ. ಈ ಕಾಗದವನ್ನು ನಿಮ್ಮ ಕಡೆಗೆ ಹೊರಟಿರುವ ಟ್ಯಾಕ್ಸಿಯವನ ಕೈಲಿ ಕಳಿಸುತ್ತಿದ್ದೇನೆ.

ದೇವರು ನಿಮ್ಮನ್ನು ದಿನವೂ ನೆಲದಡಿಯಿಂದ ಕ್ಷೇಮವಾಗಿ ಮೇಲೆ ತರಲಿ.

ನಿಮ್ಮ
ನಾಲೇಲಿಯ ಅಮ್ಮ, ಮಾನಾಲೇಲಿ

ಮರೆತ ಮಾತಲ್ಲ, ಈಗಷ್ಟೇ ನಡೆದದ್ದು: ಟ್ಯಾಕ್ಸಿ ಹೊರಡುವ ಹೊತ್ತಿಗೆ, ಪಟ್ಟಿ ಇವತ್ತೇ ಮುಗಿಸುತ್ತಾರೆಂದು ಸುದ್ದಿ ಬಂತು. ಟ್ಯಾಕ್ಸಿಯವನಿಗೆ ಕಾಯಲು ಹೇಳಿ ಓಡಿದೆ. ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಹೇಳಿಬಿಟ್ಟೆ. "ಕೇಳಿಸ್ಲಿಲ್ಲ, ಗಟ್ಟಿಯಾಗಿ ಹೇಳಮ್ಮಾ" ಎಂದ. ಇಡೀ ಸಾಲಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯದು. ಇದೇ ಇಪ್ಪತ್ತೆಂಟಕ್ಕೆ ಮಾವನವರನ್ನು ತೆಗೆಯುತ್ತಾರೆ. ಆ ದಿನಕ್ಕಾದರೂ ಬನ್ನಿ. ಗುದ್ದಲಿ ಬೀಳುವ ಮೊದಲು ಅವರಿಗೆ ಹೇಳಿ, "ಸೊಸೆ ನಿಮ್ಮ ಹೆಸರು ಹಿಡಿದು ಕರೆದದ್ದು ನಿಮ್ಮನ್ನು ನೀರಿನಡಿ ಬಿಟ್ಟುಹೋಗಲಾರದೆ" ಎಂದು.