ಕಾಸ್ತುಲೊ ತಾತನ ಓಟ

ಫ್ರೆಸ್ನೊ, ಏಪ್ರಿಲ್ 10, 2006, ಸೋಮವಾರ

ಕಾಗದಪತ್ರವಿಲ್ಲದ ವಲಸೆಗಾರರಿಗೆ ಕ್ಷಮಾದಾನ ಕೊಡಬೇಕೋ ಬೇಡವೋ ಎಂದು ರೇಡಿಯೋದಲ್ಲಿ ಇಡೀ ದಿನ ಅದೇ ಜಗಳ. ಊಟಕ್ಕೆ ಕೂತಾಗ ನನ್ನ ಗಂಡ ಲಿಬ್ರಾದೊ, "ಕೊಡಲೇಬಾರ್ದು. ಕದ್ದು ಬಂದೋರಿಗೆಲ್ಲ ಕರೆದು ಮಣೆ ಹಾಕ್ತಾರಾ?" ಎಂದ. ಇಪ್ಪತ್ತು ವರ್ಷದ ಹಿಂದೆ ಅಂಥದ್ದೇ ಕ್ಷಮಾದಾನದಲ್ಲಿ ಗ್ರೀನ್ ಕಾರ್ಡು ಪಡೆದವನು! ಮೈ ಉರಿದುಹೋಯಿತು.

ಪಾತ್ರೆ ತೊಳೆಯುವಾಗ ಯಾಕೋ, ಕಾರ್ಡು ಸಿಗುವ ಮುಂಚೆ ನಾವಿಬ್ಬರೂ ಕೂಲಿಗಿದ್ದ ಆ ದ್ರಾಕ್ಷಿ ತೋಟದ ವಾಸನೆ ಮೂಗಿಗೆ ಬಂತು. ಧೂಳು, ಗಂಧಕ, ಬಿಸಿಲಿಗೆ ಒಡೆದ ಹಣ್ಣು. ವಲಸೆ ಪೊಲೀಸರ ಗಾಡಿ ಕಂಡರೆ ಸಾಕು, ನಮ್ಮ ಜೊತೆ ಹಣ್ಣು ಕೀಳುತ್ತಿದ್ದ ಕಾಸ್ತುಲೊ ತಾತ ಕೈಯಲ್ಲಿದ್ದದ್ದನ್ನು ಬಿಸಾಕಿ ಓಟ ಕೀಳುತ್ತಿದ್ದ. ನಮ್ಮಲ್ಲಿ ಕಾರ್ಡು ಇದ್ದವನು ಅವನೊಬ್ಬನೇ, ಅದಕ್ಕೇ ಅವನು ಓಡುವುದು. ಪೊಲೀಸರು ಅವನ ಬೆನ್ನು ಹತ್ತುತ್ತಿದ್ದರು, ನಾವು ಇನ್ನೊಂದು ಕಡೆಯಿಂದ ಜಾರಿಕೊಳ್ಳುತ್ತಿದ್ದೆವು. ಸಿಕ್ಕಿಬಿದ್ದ ಮೇಲೆ ಟೋಪಿಯೊಳಗಿಂದ ಕಾರ್ಡು ತೆಗೆದು, "ಓಡ್ಬಾರ್ದು ಅಂತ ಕಾನೂನಿದ್ಯಾ ಸಾಹೇಬ್ರೇ? ಡಾಕ್ಟ್ರು ಹೇಳಿದ್ರು, ಓಡ್ದೆ" ಅನ್ನುತ್ತಿದ್ದನಂತೆ. ಸಂಜೆ ಅದನ್ನೇ ನಟಿಸಿ ತೋರಿಸುತ್ತಿದ್ದ. ಒಂದೇ ಕೋಣೆಯಲ್ಲಿ ಅಷ್ಟೂ ಜನ ಬಿದ್ದು ಬಿದ್ದು ನಗುತ್ತಿದ್ದೆವು. ಈ ಸ್ವಂತ ಮನೆಯಲ್ಲಿ ಹಾಗೆ ಒಂದು ದಿನವೂ ನಕ್ಕಿಲ್ಲ.

ಕೈ ಒರೆಸಿಕೊಂಡು ಹೋಗಿ ಕೇಳಿಯೇಬಿಟ್ಟೆ. "ಕಾಸ್ತುಲೊ ತಾತ ಯಾರಿಗೋಸ್ಕರ ಓಡ್ತಿದ್ದ, ನೆನಪಿದ್ಯಾ?"

"ಆ ಕಾಲ ಬೇರೆ ಕಣೇ."

"ಈಗ ಕಾರ್ಡು ನಿನ್ ಹತ್ರ ಇದೆ. ನಾಳೆ ತೋಟಕ್ಕೆ ಗಾಡಿ ಬಂದ್ರೆ ನೀನು ಓಡ್ತೀಯಾ?"

"ಈ ಮಂಡಿ ಇಟ್ಕೊಂಡಾ?" ಎಂದು ನಕ್ಕ. ನಾನು ನಗಲಿಲ್ಲ. ಅವನು ಎದ್ದು ರೇಡಿಯೋ ಆರಿಸಿದ.

ತಾತನಿಗೆ ಆಗಲೇ ಅರವತ್ತು ದಾಟಿತ್ತು. ಓಡಿ ಬಂದ ದಿನ ಎರಡೂ ಮಂಡಿ ಊದಿಕೊಂಡಿರುತ್ತಿದ್ದವು. ಬಿಸಿನೀರಲ್ಲಿ ಬಟ್ಟೆ ಅದ್ದಿ ಶಾಖ ಕೊಡುತ್ತಿದ್ದವನು ಲಿಬ್ರಾದೊನೇ.