ಕರವಸ್ತ್ರವಿಲ್ಲದ ರುಂಬಾ

ಹವಾನಾ, ಮಂಗಳವಾರ

ಅಜ್ಜೀ,
ಮೈ ಹುಷಾರಾಗಿದೆ, ಊಟ ಮಾತ್ರ ಸೇರ್ತಿಲ್ಲ. ಹೋಟೆಲಲ್ಲಿ ರುಂಬಾ ಕುಣಿಯೋಕೆ ನನ್ನನ್ನ ಆರಿಸಿದ್ದಾರೆ. ಇವತ್ತು ಅಭ್ಯಾಸದಲ್ಲಿ ಜೊತೆಗಾರ ಎವಾರಿಸ್ತೋ ಸೊಂಟ ಮುಂದೆ ಚಾಚಿ ನುಗ್ಗಿದ. ನೀನು ಕಲಿಸಿದ ಹಾಗೆ ತಟ್ಟನೆ ಕರವಸ್ತ್ರ ಅಡ್ಡ ಹಿಡಿದೆ. ಹೋಟೆಲ್ ಯಜಮಾನ ಕಿರುಚಿದ: "ಏನಮ್ಮಾ, ನೊಣ ಓಡಿಸ್ತಿದ್ದೀಯಾ? ಸುಮ್ಮನೆ ನಕ್ಕೊಂಡು ಅವನೆದೆಗೆ ಒರಗು! ಜನ ಅದಕ್ಕೇ ಬರೋದು." ಕರವಸ್ತ್ರಾನೇ ಕಿತ್ತುಕೊಂಡ. ಆದರೂ ಕೈ ತಾನಾಗೇ ಅಡ್ಡ ಹೋಗುತ್ತೆ, ಇನ್ನೊಂದು ಸಲ ಹೋದರೆ ಊರಿಗೆ ಕಳಿಸ್ತಾನಂತೆ.

ಶನಿವಾರ ಮೊದಲ ಪ್ರದರ್ಶನ. ಮಾವ ನೋಡೋಕೆ ಬರ್ತಾರಂತೆ, ಹೇಗಾದರೂ ಅವರನ್ನ ತಡಿ. ರುಂಬಾದಲ್ಲಿ ಗಂಡು ನುಗ್ಗಿದಾಗ ಅಡ್ಡ ಹಿಡಿಯದವಳು ಸೋತಳು ಅಂತ ಅವರಿಗೆ ಗೊತ್ತು. ಮತಾಂಸಾಸಿನ ನಮ್ಮ ಅಂಗಳದಲ್ಲಿ ನಾನು ಒಬ್ಬನಿಗೂ ಸೋತಿಲ್ಲ.

ಇನ್ನೊಂದು ಕರವಸ್ತ್ರ ಕಳಿಸಬೇಡ ಅಜ್ಜೀ. ಕೈಲಿದ್ದರೆ ಹಿಡಿದೇಬಿಡ್ತೀನಿ.

ಅವಸರದಲ್ಲಿ,
ನಿನ್ನ ಕಾರಿದಾದ್